ಕೆಂಪು ಚುಕ್ಕಿ

ಕಳೆದ ವಸಂತದಲ್ಲಿ ಮಿಸೂರಿಯ ಕಾಡಂಚಿನಲ್ಲಿ ನನ್ನ ಚರೆ ತಾಗಿದ ಟರ್ಕಿ ಕೋಳಿಯೊಂದು ಪೊದೆ ಸೇರಿತು. ಮಧ್ಯಾಹ್ನದವರೆಗೂ ಹುಡುಕಿದೆವು, ಸಿಗಲಿಲ್ಲ. ಬೇಟೆ ಕಲಿಸುತ್ತಿದ್ದ ನೆರೆಮನೆಯ ಅಜ್ಜ ಬೈಯಲಿಲ್ಲ. "ಬಂದೂಕಿನಿಂದ ಕೆನ್ನೆ ಎತ್ತಿದೆ, ಅದಕ್ಕೇ ಏಟು ಮೇಲೆ ಹೋಯ್ತು" ಎಂದರಷ್ಟೆ.

ಈ ಸಲ ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸುವ ರೆಡ್ ಡಾಟ್ ಕೂರಿಸಿದೆ. 2 ಎಂಒಎ ಅಳತೆಯ ಚುಕ್ಕಿ 50 ಗಜದಲ್ಲಿ ಮುಚ್ಚುವುದು ಸುಮಾರು 1 ಇಂಚು. ಕೋಳಿಯ ತಲೆ ಮರೆಯಾಗದು. ಬೇಟೆಗೆ ಒಯ್ಯುವ ತೋಟಾದಿಂದಲೇ 40 ಗಜದ ಕಾಗದಕ್ಕೆ ಹೊಡೆದೆ. ಚರೆಗಳು ಎಡಕ್ಕೆ ಬಿದ್ದವು. ತಿರುಪು ತಿರುಗಿಸಿ ಸರಿಪಡಿಸಿದೆ. ಕಾಗದವನ್ನು 60 ಗಜಕ್ಕೆ ಒಯ್ದಾಗ ಚರೆಗಳು ಚೆಲ್ಲಾಪಿಲ್ಲಿಯಾದವು.

ಏಪ್ರಿಲ್‌ನಲ್ಲಿ ಗಂಡು ಟರ್ಕಿಯೊಂದು ಬಂದು ನಿಂತಿತು. 60 ಗಜ ಇದ್ದೀತು. ಚುಕ್ಕಿ ಅದರ ಕುತ್ತಿಗೆಯ ಮೇಲೆ ಕದಲದೆ ನಿಂತಿತ್ತು. ಆ ಕಾಗದ ನೆನಪಾಯಿತು. ಟ್ರಿಗರ್‌ನಿಂದ ಬೆರಳು ತೆಗೆದೆ.