ಅವರೆ ಬಳ್ಳಿ ಮತ್ತು ನನ್ನದೊಂದು ಸುಳ್ಳು

ಮಾರ್ಚ್ ಬಂತು ಅಂದರೆ ನಮ್ಮನೆಯಲ್ಲಿ ಊಟದ ಟೇಬಲ್ ಮೇಲೆ ಊಟಕ್ಕೆ ಜಾಗ ಇರುವುದಿಲ್ಲ. ಚಳಿಗಾಲವಿಡೀ ತೊಳೆದು ಕೂಡಿಟ್ಟ ಮೊಸರಿನ ಡಬ್ಬಿಗಳಿಗೆ ತೂತು ಕೊರೆದು, ಮಣ್ಣು ತುಂಬಿ, ಒಂದರಲ್ಲಿ ಮೆಣಸಿನಕಾಯಿ, ಒಂದರಲ್ಲಿ ಬದನೆ, ಇನ್ನೊಂದರಲ್ಲಿ ಟೊಮೇಟೊ ಬೀಜ ಹಾಕಿ ಲೈಟಿನ ಕೆಳಗೆ ಸಾಲಾಗಿ ಇಟ್ಟಿರುತ್ತೇನೆ. ನಮ್ಮವರು ತಟ್ಟೆ ತಗೊಂಡು ಹೋಗಿ ಸೋಫಾ ಮೇಲೆ ಕೂತು ಊಟ ಮಾಡುತ್ತಾರೆ. ಮೇ ತಿಂಗಳವರೆಗೂ ಇದೇ ಕಥೆ ಅಂತ ಅವರಿಗೂ ಗೊತ್ತು, ಈಗ ಗೊಣಗುವುದನ್ನೂ ಬಿಟ್ಟಿದ್ದಾರೆ.

ನಾವಿರುವುದು ಒಹಾಯೋದ ಕೊಲಂಬಸ್ ಹತ್ತಿರ. ಇಲ್ಲಿನ ವಸಂತ ನಮ್ಮ ಯುಗಾದಿಯ ಹಾಗೆ ಪಂಚಾಂಗ ನೋಡಿಕೊಂಡು ಬರುವಂಥದ್ದಲ್ಲ. ಸೋಮವಾರ ಸ್ವೆಟರ್ ಬೇಡ ಅನ್ನಿಸುತ್ತೆ, ಗುರುವಾರ ಎದ್ದು ನೋಡಿದರೆ ಅಂಗಳ ಬೆಳ್ಳಗಾಗಿರುತ್ತೆ. ನಾವು ಈ ಮನೆಗೆ ಬಂದ ಮೊದಲ ವರ್ಷ ಮಾರ್ಚಿನಲ್ಲಿ ಎರಡು ದಿನ ಬಿಸಿಲು ಬಂದಿದ್ದೇ ತಡ, ಉತ್ಸಾಹದಲ್ಲಿ ಹಿತ್ತಲನ್ನೆಲ್ಲ ಅಗೆದುಹಾಕಿದ್ದೆ. ಇಲ್ಲಿಯದು ಜೇಡಿಮಣ್ಣು. ಹಸಿ ಇರುವಾಗ ಅಗೆದರೆ ಬೇಸಿಗೆಯಲ್ಲಿ ಇಟ್ಟಿಗೆ ಆಗುತ್ತೆ. ಆ ವರ್ಷ ನಾನು ಬೆಳೆದಿದ್ದು ಇಟ್ಟಿಗೆಗಳನ್ನೇ :-) ಈಗ ಮೊದಲು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿ ನೋಡುತ್ತೇನೆ. ಉಂಡೆಯಾಗಿ ಹಾಗೇ ಉಳಿದರೆ ಗುದ್ದಲಿ ಮುಟ್ಟುವುದಿಲ್ಲ. ಬೆರಳಲ್ಲಿ ಒತ್ತಿದಾಗ ಪುಡಿಪುಡಿಯಾದರೆ ಸರಿ, ಬಟಾಣಿ ಹಾಕಬಹುದು. ಬಟಾಣಿಗೆ ಚಳಿಯ ಭಯವಿಲ್ಲ. ಅದರ ಹಿಂದೆ ಏಪ್ರಿಲ್‌ನಲ್ಲಿ ಮೆಂತ್ಯ, ಕೊತ್ತಂಬರಿ. ಕೊತ್ತಂಬರಿಯನ್ನು ತಡ ಮಾಡಿದರೆ ಬಿಸಿಲು ಏರುತ್ತಿದ್ದ ಹಾಗೆ ಸೊಪ್ಪು ಬಿಟ್ಟು ಹೂವಿಗೆ ಹೋಗಿಬಿಡುತ್ತೆ. ದಂಟಿನ ಸೊಪ್ಪಿಗೆ ಮಾತ್ರ ನೆಲ ಚೆನ್ನಾಗಿ ಬೆಚ್ಚಗಾಗಲೇಬೇಕು.

ಹೂವಿನ ಕಡೆ ಈಗ ಕೆಲಸ ಕಮ್ಮಿ. ಕಳೆದ ವರ್ಷದ ಒಣಗಿದ ಕಡ್ಡಿಗಳು ಹಾಗೇ ನಿಂತಿವೆ, ಪಕ್ಕದ ಮನೆಯಜ್ಜಿ ಅದನ್ನು ನೋಡಿ ನನ್ನನ್ನು ಸೋಮಾರಿ ಅಂದುಕೊಂಡಿರಬೇಕು. ಪೊಳ್ಳು ಕಡ್ಡಿಗಳೊಳಗೆ ಕೆಲವು ಜಾತಿಯ ಜೇನುಹುಳಗಳು ಚಳಿಗಾಲ ಕಳೆಯುತ್ತವೆ, ಅವು ಎದ್ದು ಹೋಗುವ ತನಕ ಕಡಿಯಬಾರದು. ಗುಲಾಬಿ ಸವರುವುದು ಫಾರ್ಸಿತಿಯಾ ಪೊದೆ ಹಳದಿ ಹೂ ಬಿಟ್ಟ ಮೇಲೆ. ನೆಲಮಾಳಿಗೆಯಲ್ಲಿ ಪೇಪರ್ ಚೀಲದಲ್ಲಿಟ್ಟ ಡೇರೆ ಗೆಡ್ಡೆಗಳನ್ನು ಮೊನ್ನೆ ತೆಗೆದು ನೋಡಿದೆ. ನಾಲ್ಕು ಕೊಳೆತಿವೆ, ಏಳು ಗಟ್ಟಿಯಾಗಿವೆ. ಊರಲ್ಲಾದರೆ ಡೇರೆ ಗೆಡ್ಡೆ ನೆಲದಲ್ಲೇ ಮಲಗಿದ್ದು ಮಳೆ ಬಂದಾಗ ತಾನೇ ಏಳುತ್ತೆ. ಇಲ್ಲಿ ಬಿಟ್ಟರೆ ಹೆಪ್ಪುಗಟ್ಟಿ ಸತ್ತೇ ಹೋಗುತ್ತೆ.

ಗೆಡ್ಡೆಗಳ ಪಕ್ಕದಲ್ಲೇ ಒಂದು ಮಾತ್ರೆ ಡಬ್ಬಿ ಇತ್ತು. ಅದರಲ್ಲಿ ಅವರೆಕಾಳು. ಅದನ್ನು ನೋಡಿದ ದಿನವೇ ಆ ಫೋನ್ ಬರಬೇಕೇ!

ಫೋನ್ ಮಾಡಿದ್ದು ಷಿಕಾಗೋ ಕಡೆಯಿಂದ ಒಬ್ಬರು, ಅಮ್ಮನ ಸ್ನೇಹಿತೆಯ ಮಗಳು. ನಾನು ಅವರನ್ನು ನೋಡೇ ಇಲ್ಲ. "ನಿಮ್ಮ ಅಮ್ಮ ಹೇಳಿದ್ರು, ನಿಮ್ಮ ಹಿತ್ತಲಲ್ಲಿ ಅವರೆಕಾಯಿ ಚೆನ್ನಾಗಿ ಬಿಡುತ್ತಂತೆ. ನಾವೂ ಈ ಸಲ ಹಾಕೋಣ ಅಂತ. ಯಾವಾಗ ಬೀಜ ಹಾಕ್ಬೇಕು?"

ನನಗೆ ಬಾಯಿ ಒಣಗಿತು. ಯಾಕೆಂದರೆ ನಮ್ಮ ಹಿತ್ತಲಲ್ಲಿ ಇವತ್ತಿನವರೆಗೆ ಒಂದೇ ಒಂದು ಅವರೆಕಾಯಿ ಬಿಟ್ಟಿಲ್ಲ.

ಅಮ್ಮ ಬಂದಿದ್ದು 2023ರ ಮೇ ತಿಂಗಳಲ್ಲಿ. ಮಾಗಡಿ ಕಡೆಯವರು. ಬ್ಯಾಗಿನಲ್ಲಿ ಅವರೆ ಬೀಜ ತಂದಿದ್ದರು. ಫಾರ್ಮಿನಲ್ಲಿ ಪ್ರಾಮಾಣಿಕವಾಗಿ ಬರೆದರು, ಏರ್‌ಪೋರ್ಟಿನಲ್ಲಿ ಸರ್ಟಿಫಿಕೇಟ್ ಇಲ್ಲ ಅಂತ ತೆಗೆದಿಟ್ಟುಕೊಂಡರು. ನಿಯಮ ಇರುವುದೇ ಹಾಗೆ. ಅಮ್ಮ ಬಿಟ್ಟಾರೆಯೇ? ಇಂಡಿಯನ್ ಅಂಗಡಿಯಿಂದ ಸಾರಿಗೆ ಅಂತ ತಂದ ಒಣ ಅವರೆಕಾಳಿನ ಪ್ಯಾಕೆಟ್ ಬಿಚ್ಚಿ, ಕನ್ನಡಕ ಹಾಕಿಕೊಂಡು ಒಂದೊಂದೇ ಕಾಳು ಆರಿಸಿ, ನೆನೆಹಾಕಿ, ಡೆಕ್ಕಿನ ಪಕ್ಕ ಹಾಕಿದರು. ಉಳಿದದ್ದನ್ನು ತಮ್ಮ ಬಿಪಿ ಮಾತ್ರೆಯ ಖಾಲಿ ಡಬ್ಬಿಯಲ್ಲಿಟ್ಟರು.

ಇಲ್ಲಿಗೆ ಬರುವ ಅಪ್ಪ ಅಮ್ಮಂದಿರ ಪಾಡು ನಿಮಗೆ ಗೊತ್ತೇ ಇದೆ. ಕಾರು ಓಡಿಸಲು ಬರುವುದಿಲ್ಲ, ಮಾತಾಡಲು ಜನ ಇಲ್ಲ, ನಾವಿಬ್ಬರೂ ಆಫೀಸು. ಅಮ್ಮನಿಗೆ ಮಂಡಿನೋವು ಬೇರೆ. ಆ ಬಳ್ಳಿಯೊಂದೇ ಅವರ ಕೆಲಸ, ಅವರ ಅಕ್ಕಪಕ್ಕದ ಮನೆ, ಎಲ್ಲ. ಬೆಳಗ್ಗೆ ಎದ್ದರೆ ಅದರ ಮುಂದೆ ಕುರ್ಚಿ. ಜುಲೈ ಹೊತ್ತಿಗೆ ಬಳ್ಳಿ ಡೆಕ್ ಹತ್ತಿ ಕಿಟಕಿಯವರೆಗೆ ಬಂತು. ಎಲೆ ನೋಡಿದರೆ ದೃಷ್ಟಿ ತಾಗಬೇಕು. ಹೂವು ಮಾತ್ರ ಇಲ್ಲ. "ಗೊಬ್ಬರ ಜಾಸ್ತಿ ಹಾಕಿದೀಯ ಕಣೇ, ಸೊಕ್ಕಿದೆ" ಅಂತ ನನ್ನನ್ನೇ ಬೈದರು. ಸೆಪ್ಟೆಂಬರ್ ಕೊನೆಗೆ ಹೊರಡುವ ದಿನ ಬಳ್ಳಿಯನ್ನು ಇನ್ನೊಂದು ಸಲ ದಾರ ಹಾಕಿ ಕಟ್ಟಿ, "ಕಾಯಿ ಬಿಟ್ಟಾಗ ಫೋಟೋ ಕಳಿಸು" ಅಂದರು.

ಅವರು ಹೋದ ಎರಡು ವಾರಕ್ಕೆ ನೇರಳೆ ಹೂವಿನ ಗೊಂಚಲುಗಳು ಬಂದವು. ಖುಷಿಯಿಂದ ಫೋಟೋ ಕಳಿಸಿದೆ. ಅಕ್ಟೋಬರ್ ಮುಗಿಯುವ ಮೊದಲೇ ಒಂದು ರಾತ್ರಿ ಹಿಮದ ಹೊಡೆತ. ಬೆಳಗ್ಗೆ ನೋಡಿದರೆ ಬಳ್ಳಿಯೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗೆ ಜೋತುಬಿದ್ದಿತ್ತು.

ಆ ವಾರವೇ ಊರಲ್ಲಿ ಅಮ್ಮನ ಮಂಡಿ ಆಪರೇಷನ್. ಮಾರನೇ ದಿನ ಫೋನ್ ಮಾಡಿದರೆ, ಆ ನೋವಿನಲ್ಲೂ ಕೇಳಿದ್ದು, "ಕಾಯಿ ಆಯ್ತಾ?"

"ಆಯ್ತಮ್ಮ" ಅಂದುಬಿಟ್ಟೆ.

"ಸೊಗಡು ಇತ್ತಾ?"

"ಇತ್ತಮ್ಮ."

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಇಂಡಿಯನ್ ಅಂಗಡಿಯ ಫ್ರೋಜನ್ ಅವರೆಕಾಳಿನ ಪ್ಯಾಕೆಟ್ ತಂದು, ಹಿತಕಿದ ಬೇಳೆ ಸಾರು ಮಾಡಿ, ಅದರ ಫೋಟೋ ಬೇರೆ ಕಳಿಸಿದೆ! ಅಮ್ಮ ಅದನ್ನು ಆಸ್ಪತ್ರೆಯ ನರ್ಸಿಗೂ ತೋರಿಸಿದರಂತೆ. 2024ರಲ್ಲಿ ಬೇಸಿಗೆಗೆ ನಾವೇ ಊರಿಗೆ ಹೋಗಿದ್ದರಿಂದ ಬೀಜ ಹಾಕಲಿಲ್ಲ. ಊರಲ್ಲಿ ಸಿಕ್ಕವರೆಲ್ಲ "ಅಮೆರಿಕಾದಲ್ಲೂ ಅವರೆ ಬೆಳೀತೀಯಂತಲ್ಲಮ್ಮ" ಅಂದಾಗ ಹಲ್ಲು ಕಿರಿದು ಸುಮ್ಮನಾಗಿದ್ದೆ.

ಆಮೇಲೆ ಓದಿ ತಿಳಿದಿದ್ದು ಇದು. ಅದು ಗೊಬ್ಬರದ ಸೊಕ್ಕಲ್ಲ. ನಾಟಿ ಅವರೆ ಹಗಲಿನ ಲೆಕ್ಕ ಇಡುವ ಗಿಡ. ಊರಲ್ಲಿ ಮಳೆಗಾಲಕ್ಕೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕಿದರೂ ಅದು ಸುಮ್ಮನೆ ಹಬ್ಬಿಕೊಂಡಿದ್ದು, ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡುತ್ತೆ. ಅದಕ್ಕೇ ಕಾಯಿ ಡಿಸೆಂಬರ್, ಜನವರಿಗೆ. ಬೆಂಗಳೂರಿನಲ್ಲಿ ಅತಿ ದೊಡ್ಡ ಹಗಲೂ 13 ಗಂಟೆ ದಾಟುವುದಿಲ್ಲ. ಇಲ್ಲಿ ಜೂನ್‌ನಲ್ಲಿ ಹಗಲು 15 ಗಂಟೆ! ಹಗಲು 12 ಗಂಟೆಗಿಂತ ಇಳಿಯುವುದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಅಕ್ಟೋಬರ್‌ನಲ್ಲಿ ಹಿಮ. ಪಾಪ, ಬಳ್ಳಿಗೆ ಸಿಗುವುದು ಒಂದು ತಿಂಗಳೂ ಇಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಲೆಕ್ಕ ಇಡದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅನ್ನುವ ತಳಿ ಮಾಡಿದ್ದಾರೆ, ಅದು ವರ್ಷವಿಡೀ ಕಾಯಿ ಬಿಡುತ್ತೆ. ಆದರೆ ಅಮ್ಮ ಅದನ್ನು ಅವರೆ ಅಂತಲೇ ಒಪ್ಪುವುದಿಲ್ಲ. ಮಂಜು ಬೀಳದೆ ಸೊಗಡು ಎಲ್ಲಿಂದ ಬರುತ್ತೆ ಅಂತಾರೆ.

ಈ ಸಲದ ನನ್ನ ಉಪಾಯ ಹೀಗಿದೆ. ಮೇ ಕೊನೆಗೆ ನೆಲಕ್ಕೆ ಹಾಕದೆ ಎರಡು ದೊಡ್ಡ ಕುಂಡಕ್ಕೆ ಹಾಕುವುದು. ಕುಂಡದ ಕೆಳಗೆ ಚಕ್ರದ ಹಲಗೆ. ಕುಡಿ ಚಿವುಟುತ್ತಾ ಗಿಡ್ಡವಾಗಿ ಇಡುವುದು. ಜುಲೈ ಮಧ್ಯದಿಂದ ದಿನಾ ಸಂಜೆ ಆರಕ್ಕೆ ಕತ್ತಲು ಗರಾಜಿನೊಳಗೆ ತಳ್ಳಿ, ಬೆಳಗ್ಗೆ ಏಳಕ್ಕೆ ಹೊರಗೆ ತರುವುದು. ಬಳ್ಳಿಯ ಪಾಲಿಗೆ 11 ಗಂಟೆಯ ಹಗಲು. ಕಾರು ಹೊರಗೆ ನಿಲ್ಲುತ್ತೆ. ಇದನ್ನು ಕೇಳಿ ನಮ್ಮವರು ಊಟದ ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದರು. ನಿಮ್ಮಲ್ಲಿ ಯಾರಾದರೂ ಹೀಗೆ ಮಾಡಿ ಕಾಯಿ ಕಂಡಿದ್ದರೆ ದಯವಿಟ್ಟು ತಿಳಿಸಿ.

ಷಿಕಾಗೋದವರಿಗೆ ಆ ಫೋನಿನಲ್ಲೇ ನಿಜ ಹೇಳಿದೆ. ಅವರು ನಕ್ಕರು. ಆದರೆ ಅವರು ತಮ್ಮ ಅಮ್ಮನಿಗೆ ಹೇಳುವ ಮೊದಲು ನಾನು ನನ್ನಮ್ಮನಿಗೆ ಹೇಳಬೇಕಲ್ಲ. ಇಲ್ಲಿ ರಾತ್ರಿ ಒಂಬತ್ತು, ಅಲ್ಲಿ ಬೆಳಗ್ಗೆ ಆರೂವರೆ. ಹೇಳಿದೆ. ಸಾರಿನ ಫೋಟೋದ ವಿಷಯವನ್ನೂ ಹೇಳಿದೆ.

ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಎಲ್ಲರ ಹತ್ರಾನೂ ಹೇಳ್ಕೊಂಡು ಬಂದ್ನಲ್ಲೇ..." ಅಂದರು. ಹಾಲಿನವನು ಬಂದ ಅಂತ ಫೋನ್ ಇಟ್ಟರು. ಹಾಲಿನವನು ಬರುವುದು ಐದೂವರೆಗೆ.

ಎರಡು ದಿನ ಫೋನ್ ಇಲ್ಲ, ಬೆಳಗಿನ ಗುಡ್ ಮಾರ್ನಿಂಗ್ ಹೂವಿನ ಚಿತ್ರವೂ ಇಲ್ಲ. ನಾನೂ ಮಾಡುವ ಧೈರ್ಯ ಮಾಡಲಿಲ್ಲ. ಇವತ್ತು ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು. ಸುಳ್ಳಿನ ಮಾತೇ ಇಲ್ಲ. "ಕುಂಡಕ್ಕೆ ಎರಡೇ ಕಾಳು ಹಾಕು, ಜಾಸ್ತಿ ಹಾಕ್ಬೇಡ. ಡಬ್ಬಿಯಲ್ಲಿ ಎಷ್ಟಿದೆ ಎಣಿಸಿ ಹೇಳು."

ಹದಿನಾಲ್ಕು ಇವೆ. ಎಣಿಸಿ, ಅಂಗೈಯಲ್ಲಿ ಹರಡಿ ಫೋಟೋ ತೆಗೆದು ಕಳಿಸಿದೆ. ನಾಳೆ ಮಳೆ ಇಲ್ಲವಂತೆ, ಮಣ್ಣೂ ಪುಡಿಯಾಗುತ್ತಿದೆ. ಬಟಾಣಿ ಹಾಕಬೇಕು.