ಕಡಲು ನೋಡುವ ಏರ್ಪಾಡು

ನಮ್ಮ ವಾಸ ಬೆಂಗಳೂರಿನ ಪೂರ್ವದಲ್ಲಿ, ಟಿನ್ ಫ್ಯಾಕ್ಟರಿ ಎಂಬಲ್ಲಿ. ಹೆಸರನ್ನು ನಂಬಿ ಬಂದವರು ತಗಡಿನ ಡಬ್ಬಗಳನ್ನು ಹುಡುಕಿದರೆ ನಿರಾಶರಾಗುವರು. ಅಲ್ಲಿ ಕಾಣುವುದು ಹಳೆಯ ಮದರಾಸು ರಸ್ತೆಯೂ ಹೊರ ವರ್ತುಲ ರಸ್ತೆಯೂ ಸೇರುವ ಒಂದು ಕೂಡುದಾರಿ, ಹೊಸಕೋಟೆ, ಕೋಲಾರ, ಮುಳಬಾಗಿಲುಗಳ ಬಸ್ಸುಗಳಿಗಾಗಿ ಗಂಟುಮೂಟೆ ಹಿಡಿದು ನಿಂತ ಜನ, ಹಗಲಿರುಳೆನ್ನದ ಹಾರನ್ನಿನ ಸದ್ದು. ಇಷ್ಟು ಜನರ ಪ್ರಯಾಣವನ್ನು ದಿನವೂ ನೋಡುವ ನಾವು ಮಾತ್ರ ಹೊರಡುವುದು ಅಪರೂಪ. ಸಕ್ಕರೆ ಅಂಗಡಿಯವನು ಸಿಹಿ ತಿನ್ನುವುದಿಲ್ಲವಷ್ಟೆ.

ನಮ್ಮ ತಾಯಿಗೆ ಈಗ ಎಪ್ಪತ್ತಾರು ವರ್ಷ. ಹುಟ್ಟಿದ್ದು ಮುಳಬಾಗಿಲಿನ ಕಡೆಯ ಒಂದು ಹಳ್ಳಿ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ ತುಂಬಿದ ವರ್ಷವೇ ಹಬ್ಬ. ಎಳೆಯ ವಯಸ್ಸಿನಲ್ಲಿ ಸೇದುವ ಬಾವಿಯಿಂದ ನೀರೆಳೆದ ಹಗ್ಗದ ಗುರುತು ತನ್ನ ಅಂಗೈಯಲ್ಲಿ ಇನ್ನೂ ಇದೆಯೆಂದು ಅವರು ತೋರಿಸುವುದುಂಟು. ನಮ್ಮ ಕಣ್ಣಿಗೆ ಅದು ಕಾಣದು. ಆ ಬಾವಿಗಳು ಬತ್ತಿ, ಸಾವಿರ ಅಡಿಗೂ ಮಿಕ್ಕಿದ ಕೊಳವೆ ಬಾವಿಗಳು ಬಂದುದನ್ನೂ ಅವರು ಕಂಡಿದ್ದಾರೆ. ಕಾಣದೆ ಉಳಿದುದು ಸಮುದ್ರವೊಂದೇ.

ತೋರಿಸುವೆನೆಂದು ಮಾತು ಕೊಟ್ಟವರು ನಮ್ಮ ತಂದೆ. ಅವರು ದೂರವಾಣಿನಗರದಲ್ಲಿ, 1948ರಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಪ್ರತಿವರ್ಷವೂ ರಜೆಯ ಮಾತು ಬಂದಾಗ, "ಈ ಸಲ ಉಡುಪಿಗೆ ಹೋಗಿ ಕೃಷ್ಣನನ್ನೂ ಕಡಲನ್ನೂ ನೋಡಿ ಬರೋಣ" ಎನ್ನುವರು. ಒಂದು ವರ್ಷ ಮನೆ ಕಟ್ಟುವುದಾಯಿತು, ಒಂದು ವರ್ಷ ನನ್ನ ತಂಗಿಯ ಮದುವೆಯಾಯಿತು, ಒಂದು ವರ್ಷ ಮಳೆಯೆಂದಾಯಿತು. ಮೂವತ್ತು ವರ್ಷ ಹೀಗೆಯೇ ಕಳೆದುವು. ತಂದೆ ತೀರಿಕೊಂಡು ಆರು ವರ್ಷವಾಯಿತು. ತಾಯಿ ಆ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತದೆ ಇದ್ದುದೇ ನನ್ನನ್ನು ಹೆಚ್ಚು ಚುಚ್ಚುತ್ತಿತ್ತು. ಹೋದ ದೀಪಾವಳಿಯಲ್ಲಿ ಅವರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿನಲ್ಲಿಯೇ ಕುಳಿತುಬಿಟ್ಟರು. ಅಂದೇ ನಾನು, ಇನ್ನು ಮುಂದೂಡಕೂಡದೆಂದು ನಿಶ್ಚಯಿಸಿದೆ.

ನಿಶ್ಚಯಿಸುವುದು ಒಬ್ಬನ ಕೆಲಸ, ಏರ್ಪಾಡು ಮನೆಮಂದಿಯ ಕೆಲಸ. ಮೂರು ದಿನವೆಂದು ಹೇಳಿದೊಡನೆ ನನ್ನ ಮಗ ಒಂದು ಪಟ್ಟಿ ತಂದ. ಉಡುಪಿ, ಮಲ್ಪೆ, ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಗಳು. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ. 1432ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟ. ಮರವಂತೆ, ಮುರುಡೇಶ್ವರ, ಅದರಾಚೆಯ ನೇತ್ರಾಣಿ ದ್ವೀಪ. ಓದಿ ಮುಗಿಸುವ ಹೊತ್ತಿಗೆ ನನಗೇ ಆಯಾಸವಾಯಿತು. ನಮ್ಮ ಮನೆಯಾಕೆ ಪಟ್ಟಿಯನ್ನು ತೆಗೆದುಕೊಂಡು, "ಇದರಲ್ಲಿ ಅತ್ತೆ ಕೂತುಕೊಳ್ಳುವುದು ಯಾವಾಗ?" ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಆ ಒಂದು ಪ್ರಶ್ನೆಯನ್ನೇ ಅಳತೆಗೋಲಾಗಿ ಹಿಡಿದು ನಾವು ಮೊದಲಿನಿಂದ ಲೆಕ್ಕ ಹಾಕತೊಡಗಿದೆವು.

ಮೊದಲು ಕಾಲ. ಮುಂಗಾರಿನಲ್ಲಿ ಕಡಲು ಪ್ರಕ್ಷುಬ್ಧವಾಗಿರುವುದರಿಂದ ಮಲ್ಪೆಯಿಂದ ದ್ವೀಪಗಳಿಗೆ ದೋಣಿಗಳು ಹೋಗುವುದಿಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಂತ್ರದ ಮೀನುಗಾರಿಕೆಗೂ ನಿಷೇಧವುಂಟು. ಡಿಸೆಂಬರಿನಲ್ಲಿ ಶಾಲೆಯ ಮಕ್ಕಳ ಪ್ರವಾಸಗಳೂ ವರ್ಷಾಂತ್ಯದ ಜನಸಂದಣಿಯೂ ಕೂಡಿಕೊಳ್ಳುವುವು. ಏಪ್ರಿಲಿನ ಬೆವರು ಮುದುಕರಿಗೆ ಹೇಳಿದ್ದಲ್ಲ. ಉಳಿದುದು ಫೆಬ್ರವರಿ, ಅದರಲ್ಲಿಯೂ ಶನಿವಾರ, ಭಾನುವಾರಗಳನ್ನು ಬಿಟ್ಟು ಮಂಗಳವಾರದಿಂದ ಗುರುವಾರದವರೆಗೆ.

ಬಳಿಕ ದಾರಿ. ಮೋಟಾರಿನಲ್ಲಿ ಸುಮಾರು 400 ಕಿಲೋಮೀಟರು, ನಡುವೆ ಘಟ್ಟದ ತಿರುವುಗಳು. ಅದು ಬೇಡವೆಂದಾಯಿತು. ರೈಲುಗಳನ್ನು ವಿಚಾರಿಸಿದಾಗ ಎರಡು ಕಂಡುವು. ಒಂದು, ಕಾರವಾರಕ್ಕೆ ಹೋಗುವ ಪಂಚಗಂಗಾ. ಬೇಗ ಮುಟ್ಟಿಸುವುದಾದರೂ ಉಡುಪಿಯಲ್ಲಿ ಇಳಿಸುವುದು ಬೆಳಕು ಹರಿಯುವ ಮೊದಲು. ಇನ್ನೊಂದು, 2022ರಲ್ಲಿ ಸಂಚಾರಕ್ಕೆ ತೆರೆದ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ಮೈಸೂರಿನ ಮೇಲೆ ಸುತ್ತಿಕೊಂಡು ಮುರುಡೇಶ್ವರಕ್ಕೆ ಹೋಗುವುದು. ಇದರಲ್ಲಿ ಗಂಟೆಗಳು ಹೆಚ್ಚು. ಆದರೆ ನಿಲ್ದಾಣ ನಮ್ಮ ಮನೆಯ ಮಗ್ಗುಲು, ಇಳಿಯುವುದು ಹಗಲಿನಲ್ಲಿ. ಕತ್ತಲಲ್ಲಿ ಪರಊರಿನ ನಿಲ್ದಾಣದ ಬೆಂಚಿನ ಮೇಲೆ ಮುದುಕಿಯನ್ನು ಕೂರಿಸುವುದಕ್ಕಿಂತ ನಿಧಾನದ ಗಾಡಿಯೇ ಲೇಸೆಂದು ತೀರ್ಮಾನಿಸಿದೆವು. 2024ರ ನವೆಂಬರಿನಿಂದ ಟಿಕೀಟು ಕಾದಿರಿಸುವ ಅವಧಿ 120 ದಿನಗಳಿಂದ 60ಕ್ಕೆ ಇಳಿದಿದೆ. ವಯಸ್ಸಾದವರಿಗಿದ್ದ ದರದ ರಿಯಾಯಿತಿ 2020ರ ಮಾರ್ಚಿನಲ್ಲಿಯೇ ನಿಂತಿತು; ಕೆಳಗಿನ ಮಲಗುಪೀಠವನ್ನು ಅವರಿಗೆ ಮೊದಲು ಕೊಡುವ ಪದ್ಧತಿ ಮಾತ್ರ ಉಂಟು. ಅರವತ್ತನೆಯ ದಿನ ಬೆಳಗ್ಗೆಯೇ ಕುಳಿತು ಕಾದಿರಿಸಿದುದರಿಂದ ಅದು ದೊರೆಯಿತು.

ಕಠಿನವಾದುದು ದ್ವೀಪದ ಪ್ರಶ್ನೆ. ಮಲ್ಪೆಯ ಎದುರಿಗೆ ಕಡಲಿನಲ್ಲಿ ನಾಲ್ಕು ಚಿಕ್ಕ ದ್ವೀಪಗಳಿವೆ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದು ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟನೆಂದು ಐತಿಹ್ಯ. ಅವನ ಹಡಗಿಗಿಂತ ಎಷ್ಟೋ ಹಿಂದಿನದು ಅಲ್ಲಿಯ ಕಲ್ಲು. ಸುಮಾರು ಎಂಟು ಕೋಟಿ ಎಂಬತ್ತು ಲಕ್ಷ ವರ್ಷಗಳ ಹಿಂದೆ ಮಡಗಾಸ್ಕರವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸ ತಣ್ಣಗಾಗುತ್ತ ಕುಗ್ಗಿ ಬಿರಿದು, ಐದಾರು ಮೂಲೆಗಳ ಕಂಬಗಳಾಗಿ ನಿಂತಿತಂತೆ. ಭಾರತೀಯ ಭೂವಿಜ್ಞಾನ ಇಲಾಖೆ ಇವನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. ಮಗ ಇದನ್ನು ಬಹಳ ಉತ್ಸಾಹದಿಂದ ವಿವರಿಸಿದ. ಅದೇ ಇಲಾಖೆ ಅದೇ ಗೌರವ ಕೊಟ್ಟಿರುವ, ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯ ಲಾಲ್‌ಬಾಗಿನ ಬಂಡೆಯನ್ನು ನೀನು ಎಷ್ಟು ಸಲ ಹತ್ತಿದ್ದೀಯೆಂದು ಕೇಳಿದಾಗ ಸುಮ್ಮನಾದ.

ಆದರೆ ದ್ವೀಪಕ್ಕೆ ಅರ್ಧ ಗಂಟೆಯ ದೋಣಿಯ ಪಯಣ. ದೊಡ್ಡ ದೋಣಿ ದಡಕ್ಕೆ ತಾಗದಿದ್ದಲ್ಲಿ ಚಿಕ್ಕ ದೋಣಿಗೆ ದಾಟಿಕೊಳ್ಳಬೇಕು, ಒಮ್ಮೊಮ್ಮೆ ಮೊಣಕಾಲುದ್ದದ ನೀರಿನಲ್ಲಿ ಇಳಿಯಬೇಕು ಎಂದು ಹೋಗಿಬಂದವರು ಹೇಳಿದರು. ದಡದಲ್ಲಿ ನುಣುಪಾದ ಬಂಡೆ, ಚೂಪಾದ ಚಿಪ್ಪು. ಎಚ್ಚರ ತಪ್ಪಿ ಅಲೆಗೆ ಸಿಕ್ಕಿ ಪ್ರಾಣ ನೀಗಿದವರೂ ಉಂಟು. ತಾಯಿಯನ್ನು ಎತ್ತಿಕೊಂಡಾದರೂ ಕರೆದೊಯ್ಯುವೆನೆಂದು ಮಗ ಹಟ ಹಿಡಿದ. ಬಿಟ್ಟು ಹೋಗುವುದೆಂದರೆ ನನಗೂ ಮನಸ್ಸು ಒಪ್ಪದು. ತಂದೆಯ ಮಾತನ್ನು ಅರ್ಧಕ್ಕೆ ನಿಲ್ಲಿಸಿದಂತೆ ತೋರಿತು. ನಾವು ಗಟ್ಟಿಯಾಗಿ ವಾದಿಸುತ್ತಿರುವಾಗ, ಅವರೆಕಾಯಿ ಬಿಡಿಸುತ್ತ ಮೂಲೆಯಲ್ಲಿ ಕುಳಿತಿದ್ದ ತಾಯಿ ಮೆಲ್ಲನೆ ಹೇಳಿದರು:

"ನಿಮ್ಮಪ್ಪ ಕಡಲು ತೋರಿಸ್ತೀನಿ ಅಂದಿದ್ದರು ಕಣಪ್ಪಾ, ದ್ವೀಪ ಅಂದಿರಲಿಲ್ಲ. ನನ್ನನ್ನು ನೀರಿನ ಅಂಚಿನಲ್ಲಿ ಕೂರಿಸಿ ನೀವು ಹೋಗಿ ಬನ್ನಿ."

ವಾದ ಅಲ್ಲಿಗೆ ಮುಗಿಯಿತು. ಯಾರಿಗಾಗಿ ಹೊರಟೆವೋ ಅವರನ್ನೇ ನಾವು ಆವರೆಗೆ ಒಂದು ಮಾತೂ ಕೇಳಿರಲಿಲ್ಲವೆಂಬುದು ಆಗ ಹೊಳೆದು ನನಗೆ ನಾಚಿಕೆಯಾಯಿತು. ವಾಚಕರಲ್ಲಿಯೂ ಕೆಲವರು ಹಿರಿಯರಿಗಾಗಿ ಯಾತ್ರೆಗಳನ್ನು ಏರ್ಪಡಿಸುತ್ತಿರಬಹುದು. ಪಟ್ಟಿ ಬರೆಯುವ ಮೊದಲು ಅವರನ್ನು ಕೇಳುವುದು ಮೇಲು.

ಈಗ ಪಟ್ಟಿಯಲ್ಲಿ ಉಳಿದಿರುವುದು ಇಷ್ಟೆ. ಮೊದಲ ದಿನ ವಿಶ್ರಾಂತಿ, ಸಂಜೆ ಕೃಷ್ಣದರ್ಶನ. ಮಲ್ಪೆಯ ಬಳಿ ಕಡಲಿನಲ್ಲಿ ಸಿಕ್ಕಿಕೊಂಡ ಹಡಗಿನ ಗೋಪೀಚಂದನದ ಗಡ್ಡೆಯೊಳಗಿಂದ ಮಧ್ವಾಚಾರ್ಯರಿಗೆ ಆ ಮೂರ್ತಿ ದೊರೆಯಿತೆಂಬ ಕಥೆಯನ್ನು ಕೇಳಿ, "ಹಾಗಾದರೆ ಅವನೂ ಕಡಲ ದಾರಿಯಲ್ಲೇ ಬಂದವನು" ಎಂದು ತಾಯಿಗೆ ಸಮಾಧಾನ. ಎರಡನೆಯ ದಿನ ಬೆಳಗ್ಗೆ ಮಲ್ಪೆ: ಮಗನೂ ಮಗಳೂ ದ್ವೀಪಕ್ಕೆ, ನಾವು ಮೂವರು ಮರಳಿನ ಮೇಲೆ, ಒಂದು ಮಡಿಸುವ ಕುರ್ಚಿ, ಒಂದು ಕೊಡೆ. ಮೂರನೆಯ ದಿನಕ್ಕೆ ಏನನ್ನೂ ಬರೆದಿಲ್ಲ. ಮತ್ತೊಮ್ಮೆ ಕಡಲು ನೋಡಬೇಕೆನಿಸಿದರೆ ಅದಕ್ಕೆ ಬಿಟ್ಟ ಜಾಗ ಅದು.

ನಿನ್ನೆ ರಾತ್ರಿ ತಾಯಿ ಕೇಳಿದರು: "ನಮ್ಮ ಕಡೆಗೆ ಘಟ್ಟದ ನೀರು ತರುತ್ತಾರಂತಲ್ಲ, ಅದು ಆ ಕಡಲಿಗೆ ಹೋಗುವ ನೀರೇನು?" ಎತ್ತಿನಹೊಳೆಯ ಯೋಜನೆಯ ಮಾತು ಅದು. ಪಶ್ಚಿಮಕ್ಕೆ ಹರಿದು ನೇತ್ರಾವತಿಯನ್ನು ಸೇರುವ ಹೊಳೆಗಳ ಮಳೆಗಾಲದ ನೀರನ್ನು ಎತ್ತಿ ಪೂರ್ವಕ್ಕೆ ತರುವುದು ಅದರ ಉದ್ದೇಶ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಕೊಟ್ಟರು. ಕರಾವಳಿಯವರಿಗೆ ಅದರಲ್ಲಿ ಅಸಮಾಧಾನವಿದೆಯೆಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ನೀರು ಕಳೆದುಕೊಳ್ಳುವವರಿಗೆ ಸಂಕಟ ಇದ್ದೇ ಇರುತ್ತದೆ" ಎಂದರು. ಆಮೇಲೆ ಎದ್ದುಹೋಗಿ ತಮ್ಮ ಕೈಚೀಲದಲ್ಲಿ ಎರಡು ಸೀಸೆ ಕುಡಿಯುವ ನೀರಿಗೆ ಜಾಗ ಮಾಡಿದರು. ಹೊರಡುವುದಕ್ಕೆ ಇನ್ನೂ ಹನ್ನೊಂದು ದಿನವಿದೆ; ಅಲ್ಲಿ ಎಲ್ಲೆಲ್ಲಿಯೂ ನೀರು ಸಿಕ್ಕುವುದೆಂದು ನಾನು ಹೇಳಿದೆ.

"ಇರಲಿ" ಎಂದರು. "ಅಷ್ಟು ನೀರು ಎದುರಿಗಿದ್ದು ಬಾಯಾರಿ ಕೂರಬಾರದು."