ಉಕ್ಕಿನ ಬಳೆ, ಹಿತ್ತಾಳೆಯ ಕತ್ತು

ಬಳೆಗಾರ ಮೊದಲು ನೋಡುವುದು ಬಳೆಯನ್ನಲ್ಲ, ಕೈಯನ್ನು. ಅಂಗೈ ಒತ್ತಿ, ಅದು ಎಷ್ಟು ಮಣಿಯುತ್ತದೆಂದು ತಿಳಿದ ಮೇಲೆಯೇ ಅಳತೆ ಹೇಳುತ್ತಾನೆ. ಅಮೆರಿಕದ ಬೆಂಚ್‌ರೆಸ್ಟ್ ರೈಫಲ್ ಸ್ಪರ್ಧಿಗಳೂ ಇಂಥದೇ ಒಂದು ಬಳೆಯನ್ನು ಆರಿಸಬೇಕಾಗುತ್ತದೆ. ಅದು ಉಕ್ಕಿನದು, ಹೆಸರು ಬುಷ್. ತೊಡಿಸುವುದು ಕಾಡತೂಸಿನ ಹಿತ್ತಾಳೆ ಕತ್ತಿಗೆ.

ಈ ಸ್ಪರ್ಧೆಯಲ್ಲಿ ರೈಫಲನ್ನು ಗಟ್ಟಿ ಮೇಜಿನ ಮೇಲೆ ಮರಳು ಚೀಲಗಳಿಗೆ ಆನಿಸಿ, 100 ಅಥವಾ 200 ಗಜ ದೂರದ ಕಾಗದಕ್ಕೆ ಸಾಮಾನ್ಯವಾಗಿ ಐದೈದು ಗುಂಡು ಹಾರಿಸುತ್ತಾರೆ. ನಡುಬಿಂದುವಿಗೆ ತಾಗಿತೇ ಎಂಬುದು ಮುಖ್ಯವಲ್ಲ. ಐದೂ ತೂತುಗಳು ಎಷ್ಟು ಒತ್ತಾಗಿವೆ ಎಂಬುದೇ ಲೆಕ್ಕ. ಪಳಗಿದವರ ಐದು ಗುಂಡುಗಳು 100 ಗಜದಲ್ಲಿ ಒಂದೇ ಹರಕು ತೂತಿನಂತೆ ಕಾಣುತ್ತವೆ.

ಅಂಗಡಿಯ ಕಾಡತೂಸು ಇಲ್ಲಿ ಸಾಲದು. ಖಾಲಿಯಾದವನ್ನೇ ಅವರು ಮತ್ತೆ ಮತ್ತೆ ತುಂಬಿಕೊಳ್ಳುತ್ತಾರೆ, ಹಲವರು ಎರಡು ಸುತ್ತುಗಳ ನಡುವೆ ಮೈದಾನದಲ್ಲೇ. ಗುಂಡು ಹಾರಿದಾಗ ಕತ್ತು ಹಿಗ್ಗುತ್ತದೆ. ಹೊಸ ಗುಂಡು ಅದರಲ್ಲಿ ಬಿಗಿಯಾಗಿ ನಿಲ್ಲಬೇಕಾದರೆ ಅದನ್ನು ಪುನಃ ಕಿರಿದು ಮಾಡಬೇಕು. ಆ ಕೆಲಸ ಡೈಯೊಳಗೆ ಕೂರುವ ಬುಷ್‌ನದು. ಅಂಗುಲದ ಸಾವಿರದಲ್ಲಿ ಒಂದು ಭಾಗದ ವ್ಯತ್ಯಾಸದಲ್ಲಿ ಬುಷ್‌ಗಳು ಸಿಗುತ್ತವೆ. ಅಂದರೆ 0.0254 ಮಿ.ಮೀ. ಪಿಯುಸಿ ಲ್ಯಾಬಿನ ಸ್ಕ್ರೂಗೇಜಿನಲ್ಲಿ ಎರಡೂವರೆ ಗೆರೆ!

ಲೆಕ್ಕ ಮಾತ್ರ ಹೈಸ್ಕೂಲಿನದೇ. ಪಾಲ್ಮಿಸಾನೋ ಎಂಬ ಶಸ್ತ್ರವೈದ್ಯರೂ ಪಿಂಡೆಲ್ ಎಂಬ ಯಂತ್ರಕುಶಲಿಯೂ ಸೇರಿ 1970ರ ದಶಕದಲ್ಲಿ ರೂಪಿಸಿದ ಪಿಪಿಸಿ ಕಾಡತೂಸು ಈ ಸ್ಪರ್ಧೆಯಲ್ಲಿ ಹೆಸರುವಾಸಿ. ಅದರ 6 ಮಿ.ಮೀ. ಗುಂಡಿನ ವ್ಯಾಸ 0.243 ಅಂಗುಲ. ಕತ್ತಿನ ಗೋಡೆಯ ದಪ್ಪ 0.009 ಎಂದಿಟ್ಟುಕೊಳ್ಳಿ. ಎರಡು ಬದಿ ಸೇರಿ 0.018. ಗುಂಡು ಕೂರಿಸಿದ ಕತ್ತಿನ ಹೊರ ಅಳತೆ 0.261. ಇದರಲ್ಲಿ ಎರಡು ಸಾವಿರಾಂಶ ಕಳೆದರೆ 0.259ರ ಬುಷ್.

ಈಗ ಒಬ್ಬ ಹೊಸಬನನ್ನು ಊಹಿಸಿಕೊಳ್ಳೋಣ. ಆತ ಪಕ್ಕದ ಮೇಜಿನವನನ್ನು ಕೇಳುತ್ತಾನೆ. ‘0.258’ ಎಂಬ ಉತ್ತರ ಬರುತ್ತದೆ. (ಪರೀಕ್ಷಾ ಕೊಠಡಿಯಲ್ಲೂ ಹೀಗೆ ಅಂಕಿಗಳು ಓಡಾಡುವುದುಂಟು.) ಪಕ್ಕದವನು ಸುಳ್ಳೇನೂ ಹೇಳಿಲ್ಲ. ಆದರೆ ಅವನು ತನ್ನ ಕತ್ತುಗಳನ್ನು ಇನ್ನಷ್ಟು ಹೆರೆದು 0.0085ಕ್ಕೆ ಇಳಿಸಿಕೊಂಡಿದ್ದಾನೆ. ಅವನ ಹೊರ ಅಳತೆ 0.260. ಅದೇ ಬುಷ್ ಹೊಸಬನ ಕತ್ತನ್ನು ಒಂದು ಸಾವಿರಾಂಶ ಹೆಚ್ಚು ಹಿಂಡುತ್ತದೆ. ಹೆಚ್ಚು ಹಿಂಡಿದರೆ ಹಿಡಿತವೂ ಅಷ್ಟೇ ಹೆಚ್ಚಬೇಕೆಂದಿಲ್ಲ. ಸ್ಥಿತಿಸ್ಥಾಪಕ ಮಿತಿ ದಾಟಿದರೆ ಗುಂಡೇ ಕತ್ತನ್ನು ಕಾಯಮ್ಮಾಗಿ ಹಿಗ್ಗಿಸಿ ಒಳಗೆ ಕೂರುತ್ತದೆ.

ಹೊಸಬ ಜಾಣ. ಮೈಕ್ರೋಮೀಟರ್ ಹಿಡಿದು ತನ್ನದನ್ನೇ ಅಳೆದು 0.259 ಹಾಕುತ್ತಾನೆ. ತೂತುಗಳು ಒತ್ತಾಗುತ್ತವೆ. ಕೆಲವು ತಿಂಗಳು ಸೊಗಸು.

ಆಮೇಲೆ ನಾಲ್ಕು ಗುಂಡು ಒಂದೇ ತೂತಿನಲ್ಲಿ, ಐದನೆಯದು ಬೇರೆ ಕಡೆ. ಆತ ಗಾಳಿಯನ್ನು ದೂರುತ್ತಾನೆ, ಮದ್ದನ್ನು ಮತ್ತೆ ತೂಗುತ್ತಾನೆ. ಬುಷ್ ಮೇಲೆ ಅನುಮಾನವೇ ಬರುವುದಿಲ್ಲ. ಅದು ಅಳೆದು ಆರಿಸಿದ್ದಲ್ಲವೇ?

ಬುಷ್ ಬದಲಾಗಿಲ್ಲ, ನಿಜ. ಬದಲಾದದ್ದು ಹಿತ್ತಾಳೆ. ತಾಮ್ರದ ತಂತಿಯನ್ನು ನಾಲ್ಕಾರು ಸಲ ಬಗ್ಗಿಸಿ ನೋಡಿ, ಪ್ರತಿ ಸಲವೂ ಗಡುಸಾಗುತ್ತದೆ. ಕಂಚುಗಾರರು ಬಡಿತದ ನಡುವೆ ಪಾತ್ರೆಯನ್ನು ಮತ್ತೆ ಬೆಂಕಿಗೆ ಹಿಡಿಯುವುದು ಇದಕ್ಕೇ. ಹಿಗ್ಗಿ ಕುಗ್ಗಿ ಗಡುಸಾದ ಹಿತ್ತಾಳೆ, ಬುಷ್‌ನಿಂದ ಹೊರಬಂದೊಡನೆ ಮೊದಲಿಗಿಂತ ಹೆಚ್ಚು ಹಿಂದಕ್ಕೆ ಚಿಮ್ಮುತ್ತದೆ. ಕತ್ತು ಅಷ್ಟು ಸಡಿಲ. ಕೆಲವು ಬೇಗ ಗಡುಸಾಗುತ್ತವೆ, ಕೆಲವು ತಡವಾಗಿ. ಐದನೆಯ ಗುಂಡಿನ ಕಥೆ ಅಲ್ಲಿದೆ.

ಹಿತ್ತಾಳೆ ಒಳಗೊಳಗೇ ಒತ್ತಡವನ್ನು ಹೊತ್ತಿರುವುದಕ್ಕೆ ನಮ್ಮ ದೇಶದಲ್ಲೇ ಒಂದು ಹಳೆಯ ಸಾಕ್ಷಿಯಿದೆ. ಬ್ರಿಟಿಷರ ಕಾಲದಲ್ಲಿ ಕುದುರೆ ಲಾಯಗಳಲ್ಲಿ ದಾಸ್ತಾನಿಟ್ಟ ಸೇನೆಯ ಕಾಡತೂಸುಗಳು ಮಳೆಗಾಲದಲ್ಲಿ ಯಾರೂ ಮುಟ್ಟದೆ ಬಿರುಕು ಬಿಡುತ್ತಿದ್ದವು. ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಒತ್ತಡದ ಜತೆಗೆ ಕುದುರೆ ಮೂತ್ರದಿಂದ ಬಂದ ಅಮೋನಿಯಾ ಸೇರಿದ್ದೇ ಕಾರಣವೆಂದು 1921ರಲ್ಲಿ ವಿವರಣೆ ಸಿಕ್ಕಿತು.

ಹೊಸಬನಿಗೆ ಈಗ ಎರಡು ದಾರಿ. ಕತ್ತನ್ನು ಹಿತವಾಗಿ ಕಾಯಿಸಿ ಲೋಹವನ್ನು ಹದಕ್ಕೆ ತರಬಹುದು. ಇಲ್ಲವೇ ಒಂದು ಸಾವಿರಾಂಶ ಚಿಕ್ಕ ಬುಷ್ ಹಾಕಬಹುದು. ಕಾಯಿಸುವುದು ಸೂಕ್ಷ್ಮ ಕೆಲಸ. ಬಿಸಿ ಹೆಚ್ಚಾದರೆ ಕಾಡತೂಸೇ ಹಾಳು. ಆತ ಪೆಟ್ಟಿಗೆ ತೆರೆದು, ಇಪ್ಪತ್ತೂ ಕತ್ತುಗಳನ್ನು ಮತ್ತೊಮ್ಮೆ ಅಳೆದು, ಚಿಕ್ಕ ಬುಷ್ಷನ್ನು ಕೈಗೆತ್ತಿಕೊಳ್ಳುತ್ತಾನೆ. ಅದರ ಮೇಲಿನ ಅಂಕಿ ಓದಿ ನಗುತ್ತಾನೆ: 0.258.